ಬೇರಿನ ತುದಿ: ಮಣ್ಣಿಗೂ ನಮಗೂ ನಡುವಣ ಬಾಗಿಲು

ಬುಡಕ್ಕೆ ನೀರೆರೆದರೆ ಗಿಡ ಚಿಗುರುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಆ ನೀರನ್ನು ಹೀರುವ ಕಾರ್ಯದಲ್ಲಿ ದಪ್ಪ ಬೇರುಗಳ ಪಾಲು ಅಲ್ಪ. ಅವು ಗಿಡವನ್ನು ಹಿಡಿದು ನಿಲ್ಲಿಸುತ್ತವೆ, ಹೀರಿದುದನ್ನು ಮೇಲಕ್ಕೆ ಸಾಗಿಸುತ್ತವೆ. ಮಣ್ಣಿನಲ್ಲಿ ದಾರಿ ಅರಸುವುದೂ ನೀರು-ಲವಣಗಳನ್ನು ಒಳಗೆ ಬರಮಾಡಿಕೊಳ್ಳುವುದೂ ಬಹುಮಟ್ಟಿಗೆ ಎಳೆಯ ತುದಿಭಾಗದ ಹೊಣೆ.

ತಿರುವಲ್ಲಿಕ್ಕೇಣಿಯ ಮಗ್ಗುಲಲ್ಲೇ, ಕಡಲತೀರದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಹುಕಾಲ ಸಸ್ಯಶಾಸ್ತ್ರವನ್ನು ಬೋಧಿಸಿದವರು ನಮ್ಮ ಡಾ. ಬಿ. ಜಿ. ಎಲ್. ಸ್ವಾಮಿಯವರು (1918–1980). ಈ ಶಾಸ್ತ್ರವನ್ನು ಕನ್ನಡದಲ್ಲಿ ರಸವತ್ತಾಗಿ ಹೇಳಬಹುದೆಂಬುದಕ್ಕೆ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅವರ ‘ಹಸುರು ಹೊನ್ನು’ ಸಾಕ್ಷಿ. ಆದಕಾರಣ ಬೇರಿನ ವಿಚಾರ ಈ ಸಂಚಿಕೆಗೆ ಹೊರತಾದುದೇನಲ್ಲ.

ಬೇರಿನ ಕಟ್ಟಕಡೆಯ ಮೊನೆಯಲ್ಲಿರುವುದು ಬೇರುಟೊಪ್ಪಿಗೆ. ಅದರ ಹೊರಗಿನ ಜೀವಕೋಶಗಳು ಮಣ್ಣಿಗೆ ಉಜ್ಜಿ ಕಳಚಿ ಬೀಳುತ್ತವೆ. ಅವು ಸೂಸುವ ಲೋಳೆ ದಾರಿಯನ್ನು ನುಣುಪಾಗಿಸುತ್ತದೆ. ಟೊಪ್ಪಿಗೆಯ ಹಿಂದೆ ಕೋಶಗಳು ಎಡೆಬಿಡದೆ ವಿಭಜನೆಗೊಳ್ಳುವ ವಲಯವಿದೆ. ಸವೆದ ಟೊಪ್ಪಿಗೆಗೆ ಹೊಸ ಕೋಶಗಳನ್ನು ಒದಗಿಸುವುದೂ ಅದೇ. ಅನಂತರದ ವಲಯದಲ್ಲಿ ಕೋಶಗಳು ನೀಳವಾಗಿ ತುದಿಯನ್ನು ಮುಂದಕ್ಕೆ ನೂಕುತ್ತವೆ. ಅದರ ಹಿಂದೆ ಬೇರುರೋಮಗಳು ಹುಟ್ಟಿ ಮಣ್ಣಿನ ಕಣಗಳ ಸಂದುಗಳಲ್ಲಿ ನುಸುಳುತ್ತವೆ. ಅಮೆರಿಕದಲ್ಲಿ 1937ರಲ್ಲಿ ಡಿಟ್ಮರ್ ಎಂಬ ವಿಜ್ಞಾನಿ ನಾಲ್ಕು ತಿಂಗಳ ಒಂದೇ ಒಂದು ರೈ ಧಾನ್ಯದ ಗಿಡದ ಬೇರುಗಳನ್ನು ಲೆಕ್ಕ ಹಾಕಿದನು. ಅವುಗಳ ಒಟ್ಟು ಉದ್ದ ಸುಮಾರು 620 ಕಿಲೋಮೀಟರು. ಎಂದರೆ ಇಲ್ಲಿಂದ ಬೆಂಗಳೂರಿಗೆ ಹೋಗಿ, ಅರ್ಧಕ್ಕೂ ಹೆಚ್ಚು ದಾರಿ ಮರಳಿ ಬಂದಷ್ಟು! ರೋಮಗಳ ಸಂಖ್ಯೆ ಸುಮಾರು 1,400 ಕೋಟಿ.

ಬೇರು ಕೆಳಕ್ಕೇ ಬೆಳೆಯುವುದೇಕೆ? ಟೊಪ್ಪಿಗೆಯ ನಡುವಣ ಕೋಶಗಳಲ್ಲಿ ಭಾರವಾದ ಪಿಷ್ಟದ ಕಣಗಳಿವೆ. ಬೇರು ಅಡ್ಡವಾದಾಗ ಅವು ತಗ್ಗಿನ ಬದಿಗೆ ಇಳಿದು ದಿಕ್ಕನ್ನು ಸೂಚಿಸುತ್ತವೆ. ತುದಿ ಕತ್ತರಿಸಿದ ಬೇರು ಕೆಳಕ್ಕೆ ಬಾಗದೆಂಬುದನ್ನು ಡಾರ್ವಿನ್ 1880ರಲ್ಲೇ ವಿವರಿಸಿದ್ದನು. ಮನೆಯಲ್ಲಿ ಮೊಳೆತ ಹೆಸರುಕಾಳನ್ನು ಒದ್ದೆ ಬಟ್ಟೆಯ ಮೇಲೆ ಅಡ್ಡಲಾಗಿರಿಸಿ, ಬಟ್ಟೆಯನ್ನು ನೆಟ್ಟಗೆ ತೂಗುಬಿಟ್ಟರೆ ಕೆಲವು ಗಂಟೆಗಳಲ್ಲಿ ಮಕ್ಕಳೂ ಈ ಬಾಗುವಿಕೆಯನ್ನು ಕಾಣಬಹುದು. ನಾವು ಮೊಳಕೆಯೆನ್ನುವುದು ಈ ಮೊದಲ ಬೇರನ್ನೇ. ಮೊಳೆಯುವಾಗ ಕಾಳಿನಲ್ಲಿ ಸಿ ಜೀವಸತ್ವ ಹೆಚ್ಚುತ್ತದೆ. ಕಬ್ಬಿಣವನ್ನು ದೇಹಕ್ಕೆ ದಕ್ಕಗೊಡದ ಫೈಟಿಕ್ ಆಮ್ಲ ತಗ್ಗುತ್ತದೆ. ಗರ್ಭಿಣಿಯರೂ ವೃದ್ಧರೂ ಎಳೆಯ ಮಕ್ಕಳೂ ಮೊಳಕೆಯನ್ನು ಬೇಯಿಸಿ ತಿನ್ನುವುದು ಕ್ಷೇಮ.

ಸೊಪ್ಪಿನ ಹುಳಿಯಲ್ಲಿರುವ ಕಬ್ಬಿಣವೂ ಸುಣ್ಣದಂಶವೂ ಸಸ್ಯವನ್ನು ಹೊಕ್ಕದ್ದು ಮುಖ್ಯವಾಗಿ ಇಂಥ ಎಳೆಯ ಬೇರುಗಳ ಮೂಲಕವೇ. ಅವುಗಳಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಾಳಿಗೆಯ ಕುಂಡದಲ್ಲಿ ನೀರು ನಿಂತರೆ ತುದಿಗಳು ಉಸಿರುಕಟ್ಟಿ ಕೊಳೆಯುತ್ತವೆ. ಮಣ್ಣು ಹಸಿಯಾಗಿದ್ದರೂ ತುಳಸಿ ಬಾಡುತ್ತದೆ. ಬಾಯಾರಿಕೆಯೆಂದು ಭಾವಿಸಿ ಮತ್ತೆ ನೀರೆರೆದರೆ ಕೇಡು ಇಮ್ಮಡಿಸುತ್ತದೆ. ಕುಂಡದ ತಳದ ತೂತು ತೆರೆದಿರಲಿ. ಸಸಿ ಕೀಳುವಾಗ ಹೆಂಟೆಯೊಡನೆ, ಸಂಜೆಯ ತಂಪಿನಲ್ಲಿ ಕೀಳಬೇಕು.

2016ರ ಡಿಸೆಂಬರ್ 12ರಂದು ವಾರ್ಧಾ ಚಂಡಮಾರುತಕ್ಕೆ ಈ ನಗರದಲ್ಲಿ ಸಾವಿರಾರು ಮರಗಳು ಉರುಳಿದವು. ಗಾಳಿಯನ್ನು ತಡೆಯುವುದು ನಮ್ಮಿಂದಾಗದು. ಆದರೆ ಬುಡದವರೆಗೂ ಸಿಮೆಂಟು ಹೊದಿಸಿದ ಮರದ ಬೇರು ಹರಡುವುದೆಲ್ಲಿ, ಉಸಿರಾಡುವುದೆಲ್ಲಿ? ನಮ್ಮ ಬೀದಿಯ ಬೇವಿಗೂ ಹೊಂಗೆಗೂ ಬುಡದ ಸುತ್ತ ಕೆಲವು ಅಡಿ ಬರಿಯ ಮಣ್ಣನ್ನು ಬಿಡಿಸಿಕೊಡುವುದು ನಮ್ಮ ಕೈಯಲ್ಲಿದೆ. ಬೇರೂರಲು ತುಸು ನೆಲ ಬೇಕೆಂಬುದು ಊರು ಬಿಟ್ಟು ಬಂದ ನಮಗೆ ತಿಳಿಯದ ಮಾತಲ್ಲ.