ಜಾರುಬಂಡಿಯೂ ಮರಳ ಹಾದಿಯೂ

ಚಕ್ರವಿಲ್ಲದ ಜಾರುಬಂಡಿಯನ್ನು ದೂಡುವುದು ಲೇಸೋ, ಎಳೆಯುವುದು ಲೇಸೋ? ಹಿಂದಿನಿಂದ ಬಾಗಿ ಕೆಳಮುಖವಾಗಿ ದೂಡಿದರೆ ಬಲದ ಒಂದಂಶವು ಬಂಡಿಯನ್ನು ನೆಲಕ್ಕೊತ್ತಿ ಘರ್ಷಣೆಯನ್ನು ಹೆಚ್ಚಿಸುತ್ತದೆ. ಹಗ್ಗವನ್ನು ತುಸು ಮೇಲ್ಮುಖವಾಗಿ ಹಿಡಿದೆಳೆದರೆ ಆ ಅಂಶವೇ ಬಂಡಿಯನ್ನು ಹಗುರಗೊಳಿಸುತ್ತದೆ. ಆದರೆ ಒಣಮರಳಿನಲ್ಲಿ ಇಷ್ಟು ಸಾಲದು. ಅಲ್ಲಿ ಬಂಡಿಯ ಮುಂದೆ ಮರಳು ಗುಡ್ಡೆಗಟ್ಟಿ ಹಾದಿಯನ್ನೇ ತಡೆಯುತ್ತದೆ.

ಈ ತೊಡಕಿಗೆ ಪರಿಹಾರವು ಈಜಿಪ್ಟಿನ ಒಂದು ಪ್ರಾಚೀನ ಚಿತ್ರದಲ್ಲಿದೆ. ಕ್ರಿ. ಪೂ. ಸುಮಾರು 1900ರಲ್ಲಿದ್ದ ಜೆಹುತಿಹೊಟೆಪ್ ಎಂಬ ಅಧಿಕಾರಿಯ ಗೋರಿಯ ಗೋಡೆಗೆ ಬರೆದುದು ಅದು. 172 ಜನರು ನಾಲ್ಕು ಸಾಲುಗಳಲ್ಲಿ ಹಗ್ಗ ಹಿಡಿದು, ಜಾರುಬಂಡಿಯ ಮೇಲಿನ ಬೃಹತ್ ಶಿಲಾಮೂರ್ತಿಯನ್ನು ಎಳೆಯುತ್ತಿದ್ದಾರೆ. ಬಂಡಿಯ ಮುಂತುದಿಯಲ್ಲಿ ನಿಂತವನೊಬ್ಬನು ನೆಲಕ್ಕೆ ನೀರೆರೆಯುತ್ತಿದ್ದಾನೆ. ಇದನ್ನು ಪೂಜಾವಿಧಿಯೆಂದು ಬಗೆದ ವಿದ್ವಾಂಸರುಂಟು. 2014ರಲ್ಲಿ ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಪ್ರಯೋಗ ಮಾಡಿ ನೋಡಿದಾಗ, ಹದವರಿತು ನೀರು ಬೆರೆಸಿದ ಮರಳಿನಲ್ಲಿ ಎಳೆತದ ಬಲವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಕಣಗಳ ನಡುವಣ ನೀರು ಕಿರುಸೇತುವೆಗಳಂತೆ ಅವನ್ನು ಬಿಗಿದು ನೆಲವನ್ನು ಗಟ್ಟಿಗೊಳಿಸುತ್ತದೆ. ನೀರು ಮಿತಿಮೀರಿದರೆ ಆ ಬಿಗಿಯು ಸಡಿಲಿ ಘರ್ಷಣೆಯು ಮತ್ತೆ ಏರುತ್ತದೆ.

ನೀರೆರೆದವನಿಗೆ ಈ ಹದವು ತಿಳಿದಿದ್ದಿರಬೇಕು. ದುಡಿಯುವವನ ಕೈಕೆಲಸದಲ್ಲಿ ತನಗೆ ಅರ್ಥವಾಗದುದನ್ನು ಆಚಾರವೆಂದು ಕರೆಯುವ ಮುನ್ನ ವಿದ್ವಾಂಸನು ಒಮ್ಮೆ ಹಗ್ಗ ಹಿಡಿದು ನೋಡುವುದೊಳಿತು.