ಸೂಜಿಗಲ್ಲಿಗೆ ಅಂಟಿದ ಕಡಲು

ಹಿರಿಯೂರಿನ ಕಡೆ ಮಳೆ ಹೊಯ್ದು ಹಳ್ಳ ಇಳಿದ ಮೇಲೆ ಮರಳಿನ ಮೇಲೆ ಕಪ್ಪು ಗೆರೆಗಳು ಉಳಿದಿರುತ್ತವೆ. ಕೆಟ್ಟ ರೇಡಿಯೊದ ಸ್ಪೀಕರಿನಿಂದ ಕಿತ್ತ ಸೂಜಿಗಲ್ಲನ್ನು ಅದರ ಮೇಲೆ ಆಡಿಸಿದರೆ ಮುಳ್ಳುಹಂದಿಯ ಹಾಗೆ ಅದರ ಮೈತುಂಬ ಕಪ್ಪು ಮುಳ್ಳು ಎದ್ದು ನಿಲ್ಲುತ್ತವೆ. ಚಿಕ್ಕಂದಿನಲ್ಲಿ ಅದನ್ನು ಕಬ್ಬಿಣದ ಪುಡಿ ಅಂದುಕೊಂಡಿದ್ದೆವು. ಮ್ಯಾಗ್ನೆಟೈಟ್ ಹರಳು ಎಂದು ಗೊತ್ತಾದದ್ದು ಬಹಳ ತಡವಾಗಿ. ಭೂತಗನ್ನಡಿ ಹಿಡಿದರೆ, ಸವೆಯದ ಕಾಳುಗಳಲ್ಲಿ ಎರಡು ಪಿರಮಿಡ್ಡುಗಳನ್ನು ಬುಡಕ್ಕೆ ಬುಡ ಅಂಟಿಸಿದಂತೆ ಎಂಟು ಮುಖ ಕಾಣುತ್ತವೆ. ತೂಕದಲ್ಲಿ ನೂರಕ್ಕೆ 72 ಪಾಲು ಕಬ್ಬಿಣ, ಮಿಕ್ಕಿದ್ದು ಆಮ್ಲಜನಕ. ನೀರಿನ ಐದು ಪಟ್ಟು ತೂಕ. ಹಾಗಾಗಿಯೇ ಹಳ್ಳ ಹಗುರ ಮರಳನ್ನು ಹೊತ್ತೊಯ್ದು ಇದನ್ನು ಬಿಟ್ಟುಹೋಗುತ್ತದೆ.

ಚಿತ್ರದುರ್ಗ ಅಂದರೆ ಎಲ್ಲರ ಕಣ್ಣ ಮುಂದೆ ಬರುವುದು ಕೋಟೆಯ ಬಂಡೆ. ಅದು ಗ್ರಾನೈಟು, ಅದಕ್ಕೂ ಈ ಕಥೆಗೂ ನಂಟಿಲ್ಲ. ಕಥೆ ಇರುವುದು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೀಮೆಯ ಕುರುಚಲು ಗುಡ್ಡಗಳಲ್ಲಿ. 250 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಕಡಲಿತ್ತು. ಸಾಕ್ಷಿ ಬೇಕಾದರೆ ಮರಡಿಹಳ್ಳಿಗೆ ಹೋಗಿ: ನೀರಿನಡಿ ಉಕ್ಕಿದ ಲಾವಾ ದಿಂಬು ಒಟ್ಟಿದಂತೆ ಹೆಪ್ಪುಗಟ್ಟಿ ಕೂತಿದೆ, ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆ ಕಡಲಲ್ಲಿ ಕರಗಿದ್ದ ಕಬ್ಬಿಣ ತಳಕ್ಕಿಳಿದು, ಒಂದು ಪದರ ಕಬ್ಬಿಣ, ಒಂದು ಪದರ ಸಿಲಿಕಾ ಎಂದು ಪಟ್ಟೆಪಟ್ಟೆಯಾಗಿ ಕೂತಿತು. ಆಮೇಲೆ ನೆಲ ಮಡಿಚಿ, ಕಾವಿಗೂ ಒತ್ತಡಕ್ಕೂ ಸಿಕ್ಕಿ ಮ್ಯಾಗ್ನೆಟೈಟ್ ಹರಳುಗಳು ಬಲಿತವು; ಬಂಡೆಯಿಂದ ಕಳಚಿ ಅವೇ ಹಳ್ಳದ ಕರಿಮರಳಾಗುತ್ತವೆ. ಭೂವಿಜ್ಞಾನಿಗಳು ಇಲ್ಲಿನ ಶಿಲಾಸ್ತರಗಳಿಗೆ ವಾಣಿವಿಲಾಸ, ಇಂಗಳದಾಳು, ಹಿರಿಯೂರು ಎಂದು ನಮ್ಮ ಹೆಸರುಗಳನ್ನೇ ಇಟ್ಟಿದ್ದಾರೆ.

1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಜನ ಮಳೆಗಾಲದ ಹಳ್ಳಗಳಿಂದ ಕರಿಮರಳು ತಂದು, ತೊಳೆದು, ಇದ್ದಿಲಿನ ಜೊತೆ ಮಣ್ಣಿನ ಕುಲುಮೆಗೆ ಸುರಿದು, ತೊಗಲಿನ ತಿದಿ ಒತ್ತಿ ಕಬ್ಬಿಣ ತೆಗೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮುಂದೆ ಹಡಗಿನಲ್ಲಿ ಅಗ್ಗದ ಕಬ್ಬಿಣ ಬಂತು, ಇದ್ದಿಲು ದುಬಾರಿಯಾಯಿತು. ಕುಲುಮೆಗಳು ಆರಿದವು.

ಈಚಿನ ಕಬ್ಬಿಣದ ಅದಿರಿನ ಗಣಿಗಾರಿಕೆ ಎಲ್ಲರಿಗೂ ಗೊತ್ತಿದ್ದದ್ದೇ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಜಿಲ್ಲೆಯಲ್ಲೂ ಅದನ್ನು ನಿಲ್ಲಿಸಿತು. 2013ರಲ್ಲಿ ಷರತ್ತಿನ ಮೇಲೆ ಮತ್ತೆ ಬಿಟ್ಟಿತು. ಆದರೆ ಹರಳು ಕಪ್ಪಾದರೆ ಭೀಮಸಮುದ್ರದ ದಾರಿಯಲ್ಲಿ ಅದಿರು ಲಾರಿಗಳೆಬ್ಬಿಸುವ ಧೂಳು ಕೆಂಪೇಕೆ? ಮಳೆ ಗಾಳಿಗೆ ಸಿಕ್ಕ ಮ್ಯಾಗ್ನೆಟೈಟ್ ಇನ್ನಷ್ಟು ಆಮ್ಲಜನಕ ಹೀರಿ ಹೆಮಟೈಟ್ ಆಗುತ್ತದೆ. ಕೆಲವು ಹರಳುಗಳಲ್ಲಿ ಎಂಟು ಮುಖ ಹಾಗೇ ಉಳಿದು ತಿರುಳು ಮಾತ್ರ ಬದಲಾಗಿರುತ್ತದೆ. ಅದಕ್ಕೆ ಮಾರ್ಟೈಟ್ ಎಂದು ಹೆಸರು. ನೋಡಿ ಹೇಳುವುದು ಕಷ್ಟ. ನಿಮಗೆ ಅಂಥ ಹರಳೊಂದು ಸಿಕ್ಕರೆ ಬಿಳಿ ಟೈಲ್ಸಿನ ಮೆರುಗಿಲ್ಲದ ಹಿಂಬದಿಗೆ ಉಜ್ಜಿ: ಕಪ್ಪು ಗೆರೆ ಬಿದ್ದರೆ ಮ್ಯಾಗ್ನೆಟೈಟ್, ಕೆಂಪು ಬಿದ್ದರೆ ಮಾರ್ಟೈಟ್.