ಬೀಳಗಿಯ ಹುಡುಗಿ ಹಾಡಿದ್ದು ಎಲ್ಲಿ ಹೋಯ್ತು?

ಅಮೀರ್‌ಬಾಯಿ ಕರ್ನಾಟಕಿ. ಹೆಸರು ಕೇಳಿರ್ತೀರಿ. 1943ರ ‘ಕಿಸ್ಮತ್’ ಸಿನಿಮಾ ಕಲ್ಕತ್ತದ ಒಂದೇ ಥಿಯೇಟರ್‌ನಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತಲ್ಲ, ಅದರ ಹಾಡುಗಳ ದನಿ ಇವರದು. ಊರು ನಮ್ಮ ಬೀಳಗಿ. ಅಕ್ಕ ಗೋಹರ್‌ಬಾಯಿ ಕೂಡ ಗಾಯಕಿ, ಬಾಲಗಂಧರ್ವರ ಜೊತೆ ರಂಗದ ಮೇಲೆ ನಿಂತವರು. ಮುಂಬೈ ಇವರಿಬ್ಬರ ಹೆಸರಿನ ಪಕ್ಕ ‘ಕರ್ನಾಟಕಿ’ ಅಂತ ಬರೆದು ಊರಿನ ಗುರುತು ಉಳಿಸಿತು. ಅಮೀರ್‌ಬಾಯಿ ತೀರಿಕೊಂಡಿದ್ದು 1965ರಲ್ಲಿ.

ಈಗ ಪ್ರಶ್ನೆ. ಸಿನಿಮಾಕ್ಕೆ ಹೋಗುವ ಮುಂಚೆ, ಇಷ್ಟು ದೊಡ್ಡ ಹೆಸರು ಬರುವ ಮುಂಚೆ, ನಾಟಕದ ನಂಟಿದ್ದ ಮನೆಯ ಈ ಹುಡುಗಿ ಎದುರಿಗೆ ಕೂತ ಜನಕ್ಕೆ ಹಾಡಿದಾಗ ಆ ದನಿ ಹೇಗಿತ್ತು? ‘ಒನ್ಸ್ ಮೋರ್’ ಅಂದಾಗ ಎರಡನೇ ಸಲ ಬೇರೆ ಥರ ಹಾಡ್ತಿದ್ದರಾ? ಕೇಳಿ ನೋಡೋಣ ಅಂದರೆ ನಮ್ಮ ಕೈಲಿರೋದು ಸ್ಟುಡಿಯೋದ ಹಾಡುಗಳು, ಒಂದೊಂದೂ ಮೂರು ಚಿಲ್ಲರೆ ನಿಮಿಷ.

ಯಾಕೆ ಮೂರು ನಿಮಿಷ? ಅದು ಗಾಯಕರ ಲೆಕ್ಕ ಅಲ್ಲ, ತಟ್ಟೆಯ ಲೆಕ್ಕ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಇಂಚಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಅಷ್ಟೇ ಜಾಗ. ಕಲ್ಕತ್ತದಲ್ಲಿ 1902ರಲ್ಲಿ ನಮ್ಮ ದೇಶದ ಮೊದಲ ತಟ್ಟೆಗಳು ರೆಕಾರ್ಡ್ ಆದಾಗಿಂದ ಇದೇ ಹಣೆಬರಹ. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸುವವರೂ ಗಡಿಯಾರ ನೋಡಿ ಮುಗಿಸಬೇಕು. ಜೊತೆಗೆ ಮಷಿನ್ ದೊಡ್ಡದು, ದುಬಾರಿ, ಕಂಪನಿಯ ಸ್ವತ್ತು. ಅದನ್ನು ಹೊತ್ತುಕೊಂಡು ಬಂದು ಬೀಳಗಿಯ ನಾಟಕದ ಡೇರೆಯೊಳಗೆ ಇಡುವವರು ಯಾರು?

ಈಗ ಸ್ವಲ್ಪ ಜರ್ಮನಿಗೆ ಹೋಗಿ ಬರೋಣ. ಹ್ಯಾಂಬರ್ಗ್ ಊರಿನ ಸ್ಟಾರ್ ಕ್ಲಬ್, 1962ರ ಡಿಸೆಂಬರ್ ಕೊನೆ. ಇಂಗ್ಲೆಂಡಿನ ನಾಲ್ಕು ಹುಡುಗರು ಕುಡುಕರ ಗದ್ದಲದ ನಡುವೆ ಹಾಡ್ತಿದ್ದಾರೆ. ಹೆಸರು ಬೀಟಲ್ಸ್. ಜಗತ್ತಿಗೆ ಇನ್ನೂ ಗೊತ್ತಿಲ್ಲ. ಅಲ್ಲೇ ಯಾರೋ ಮನೆಯಲ್ಲಿ ಬಳಸುವಂಥ ಸ್ಪೂಲ್ ಟೇಪ್ ರೆಕಾರ್ಡರ್ ಇಟ್ಟು, ಒಂದು ಮೈಕ್ ಹಾಕಿ ರೆಕಾರ್ಡ್ ಮಾಡಿಬಿಟ್ಟರು. ದನಿ ಒಡೆದಿದೆ, ಗಿಟಾರ್ ಗೊರಗೊರ ಅನ್ನುತ್ತೆ. ಆದರೆ ಆ ಹುಡುಗರು ದೊಡ್ಡವರಾಗುವ ಮುಂಚೆ ಹೇಗಿದ್ದರು ಅನ್ನೋದಕ್ಕೆ ಇವತ್ತಿಗೂ ಆ ಟೇಪ್ ಸಾಕ್ಷಿ.

1977ರಲ್ಲಿ ಅದು ಡಬಲ್ ರೆಕಾರ್ಡ್ ಆಗಿ ಮಾರಾಟಕ್ಕೂ ಬಂತು. ಬೀಟಲ್ಸ್ ಕಡೆಯವರು ತಡೆಯಲು ಹೋಗಿ ಸೋತರು. ಕೊನೆಗೆ 1998ರಲ್ಲಿ ಲಂಡನ್ ಕೋರ್ಟಿಗೆ ಜಾರ್ಜ್ ಹ್ಯಾರಿಸನ್ ಖುದ್ದಾಗಿ ಬಂದು ಸಾಕ್ಷಿ ಹೇಳಿದ ಮೇಲೆ ಟೇಪ್ ಅವರ ಕಡೆಗೆ ಬಂತು. ಬಿಯರ್ ಕೊಡಿಸಿದ್ದಕ್ಕೆ ಜಾನ್ ಲೆನನ್ ಬಾಯಿಮಾತಲ್ಲಿ ಒಪ್ಪಿದ್ದರು ಅನ್ನೋದು ಆ ಕಡೆಯ ವಾದ. ಕುಡಿದ ಮತ್ತಿನ ಮಾತು ಕರಾರು ಆಗುತ್ತಾ ಅನ್ನೋದು ಈ ಕಡೆಯ ಪ್ರಶ್ನೆ. ಇಂಥ ಕಳ್ಳ ರೆಕಾರ್ಡಿಂಗ್‌ಗೆ ಬೂಟ್‌ಲೆಗ್ ಅಂತಾರೆ. ಬೂಟಿನೊಳಗೆ ಬಚ್ಚಿಟ್ಟು ಸಾಗಿಸುವ ಸಾರಾಯಿಗೆ ಅಮೆರಿಕದವರು ಇಟ್ಟ ಹೆಸರು ಅದು.

ನಮ್ಮಲ್ಲಿ ಬೂಟ್‌ಲೆಗ್ ಇಲ್ವಾ? ಇದೆ ಸ್ವಾಮಿ, ಬೇಕಾದಷ್ಟಿದೆ. ನಾವು ಆ ಹೆಸರಿಂದ ಕರೆಯಲ್ಲ, ಅಷ್ಟೇ. ‘ಒಂದ್ ಕಾಪಿ ಮಾಡ್ಕೊಡ್ರಿ’ ಅಂತೀವಿ.

ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ ತಂತು. ಅದು ನಮ್ಮ ಹಳ್ಳಿ ಮುಟ್ಟೋಕೆ ಒಂದೆರಡು ದಶಕ ಹಿಡಿಯಿತು. ಮುಟ್ಟಿದ ಮೇಲೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಭಜನೆ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ ಎಲ್ಲದರ ಮುಂದೆಯೂ ಯಾರೋ ಒಬ್ಬರು ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿರೋರು. ಪಾರಿಜಾತ ಅಂದರೆ ರಾತ್ರಿಯಿಡೀ ಆಟ. ಕೃಷ್ಣ, ಸತ್ಯಭಾಮೆ, ರುಕ್ಮಿಣಿಯ ಕಥೆ ಎಲ್ಲರಿಗೂ ಗೊತ್ತು, ಹಾಡುಗಳೂ ಹಳೆಯವೇ. ಆದರೆ ಭಾಗವತ ಮತ್ತು ದೂತಿ ಮಾತಿಗಿಳಿದರು ಅಂದ್ರೆ ಅವತ್ತಿನ ಊರಗೌಡ, ಅವತ್ತಿನ ಮಳೆ, ಅವತ್ತಿನ ಎಲೆಕ್ಷನ್ ಎಲ್ಲಾ ಒಳಗೆ ಬರ್ತಾವೆ. ಅದು ಯಾವ ಪುಸ್ತಕದಲ್ಲೂ ಇಲ್ಲ, ಇನ್ನೊಂದು ರಾತ್ರಿ ಹಾಗೇ ಬರೋದೂ ಇಲ್ಲ. ನನ್ನ ಪ್ರಕಾರ ಆ ಕ್ಯಾಸೆಟ್‌ಗಳ ನಿಜವಾದ ಬೆಲೆ ಇರೋದು ಇಲ್ಲಿ.

ಎಂಟು ಗಂಟೆಯ ಆಟಕ್ಕೆ 90 ನಿಮಿಷದ ಕ್ಯಾಸೆಟ್ ಆರು ಬೇಕು. 45 ನಿಮಿಷಕ್ಕೊಮ್ಮೆ ಮಗ್ಗುಲು ತಿರುವಬೇಕು. ತಿರುವುವವರು ತೂಕಡಿಸಿದರೆ ಸತ್ಯಭಾಮೆಯ ಸಿಟ್ಟು ಅರ್ಧಕ್ಕೇ ನಿಲ್ಲುತ್ತೆ.

ಇಲ್ಲಿ ನನ್ನೊಳಗಿನ ಎಂಜಿನಿಯರ್ ಸ್ವಲ್ಪ ಮಾತಾಡಲಿ. ರೆಕಾರ್ಡ್ ಮಾಡುವಾಗ ಸೆಲ್ ವೀಕ್ ಆದರೆ ಮೋಟಾರ್ ನಿಧಾನ ತಿರುಗುತ್ತೆ. ಆ ಟೇಪನ್ನು ಆಮೇಲೆ ಸರಿಯಾದ ವೇಗದಲ್ಲಿ ಹಾಕಿದರೆ ಹಾಡು ಓಡುತ್ತೆ, ಶ್ರುತಿ ಏರುತ್ತೆ. ವೇಗದಲ್ಲಿ ಶೇಕಡ 6ರಷ್ಟು ವ್ಯತ್ಯಾಸ ಆದರೆ ಸಾಕು, ಬಿಳಿ ಎರಡರಲ್ಲಿ ಹಾಡಿದವರು ಕರಿ ಎರಡಕ್ಕೆ ಹತ್ತಿಬಿಡ್ತಾರೆ. ‘ಆಗಿನವರ ದನಿ ಎಷ್ಟು ಎತ್ತರ ನೋಡಿ’ ಅಂತ ನಾವು ಬೆರಗಾಗೋದು ಕೆಲವು ಸಲ ಸೆಲ್ಲಿನ ಪ್ರತಾಪ. ಸರಿಪಡಿಸೋಕೆ ದಾರಿ ಇದೆ. ಧ್ವನಿವರ್ಧಕ ಕರೆಂಟಿನಿಂದ ನಡೀತಿದ್ದರೆ ಹಿನ್ನೆಲೆಯಲ್ಲಿ ‘ಗುಂಯ್’ ಅನ್ನೋ ಸದ್ದು ಇರುತ್ತೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನ. ಟೇಪಿನಲ್ಲಿ ಆ ಗುಂಯ್ 53 ಅಂತ ತೋರಿಸಿದರೆ ಶೇಕಡ 6 ವೇಗ ಇಳಿಸಬೇಕು ಅಂತ ಲೆಕ್ಕ. ಅವತ್ತು ಜನರೇಟರ್ ಓಡ್ತಿದ್ದರೆ ಮಾತ್ರ ಈ ಲೆಕ್ಕ ನಂಬಬೇಡಿ.

ಇನ್ನು ಹಾಡಿದವರಿಗೆ ಇದು ಇಷ್ಟವಿತ್ತಾ? ಎಲ್ಲರಿಗೂ ಇಲ್ಲ. ಜೈಪುರ ಘರಾಣೆಯ ಅಲ್ಲಾದಿಯಾ ಖಾನ್ ಸಾಹೇಬರು ರೆಕಾರ್ಡಿಂಗ್ ಬಿಟ್ಟುಹೋಗಲೇ ಇಲ್ಲ. ಅವರ ವಿದ್ಯೆ ಮಕ್ಕಳಾದ ಮಂಜಿ ಖಾನ್, ಭೂರ್ಜಿ ಖಾನ್ ಮೂಲಕ ನಮ್ಮ ಮಲ್ಲಿಕಾರ್ಜುನ ಮನಸೂರರಿಗೆ ಬಂತು. ತಾನು ವರ್ಷಗಟ್ಟಲೆ ಕಷ್ಟಪಟ್ಟು ಕಲಿತದ್ದನ್ನು ಯಾರೋ ಒಂದು ಗುಂಡಿ ಒತ್ತಿ ಎತ್ತಿಕೊಂಡು ಹೋಗೋದು ಗಾಯಕರಿಗೆ ನುಂಗಲಾರದ ತುತ್ತು. ಪಾರಿಜಾತದವರ ಸಂಕಟ ಇನ್ನೂ ನೇರ. ಕ್ಯಾಸೆಟ್ ಊರೂರು ತಿರುಗಿದರೆ ಮೇಳವನ್ನು ಕರೆಸುವವರು ಯಾರು? ಅವರ ಸಂಬಳ ಬರೋದು ಕರೆಸಿದರೆ ಮಾತ್ರ.

ಕಾನೂನು ಬಹಳ ಕಾಲ ಇವರ ಕಡೆ ತಿರುಗಿಯೂ ನೋಡಲಿಲ್ಲ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಬರೆದವರಿಗೆ, ರಾಗ ಹಾಕಿದವರಿಗೆ, ರೆಕಾರ್ಡ್ ಕಂಪನಿಗೆ ಹಕ್ಕಿತ್ತು. ನಿಂತು ಹಾಡಿದವರಿಗೆ, ಕುಣಿದವರಿಗೆ ಏನೂ ಇರಲಿಲ್ಲ. ನಟನೆ ಅನ್ನೋದು ಕಾಯ್ದೆ ಹೇಳುವ ‘ಕೃತಿ’ ಅಲ್ಲ ಅಂತ 1978ರಲ್ಲಿ ಬಾಂಬೆ ಹೈಕೋರ್ಟ್ ದೇವ್ ಆನಂದ್‌ಗೇ ಹೇಳಿತ್ತು ಅಂದ್ಮೇಲೆ ನಮ್ಮ ದೂತಿ ಪಾತ್ರಧಾರಿಯ ಪಾಡೇನು! 1994ರ ತಿದ್ದುಪಡಿ ಪ್ರದರ್ಶಕರ ಹಕ್ಕು ತಂದಿತು. ಮೊದಲು 25 ವರ್ಷ, 1999ರ ತಿದ್ದುಪಡಿಯಿಂದ 50 ವರ್ಷ. ಲೆಕ್ಕ ಹೀಗೆ: 2001ರ ಜಾತ್ರೆಯಲ್ಲಿ ಒಂದು ಮೇಳ ಆಡಿದ್ದರೆ, ಮುಂದಿನ ವರ್ಷದ ಆರಂಭದಿಂದ ಎಣಿಸಿ 2051ರ ಕೊನೆಯವರೆಗೆ ಹಕ್ಕು ಆ ಕಲಾವಿದರದು.

ಹಾಗಾದರೆ ಅವತ್ತು ರೆಕಾರ್ಡ್ ಮಾಡಿಕೊಂಡವರು ಕಳ್ಳರಾ? ಇಲ್ಲ. ಸ್ವಂತಕ್ಕೆ ಕೇಳೋಕೆ, ಪಾಠ ಅಥವಾ ಸಂಶೋಧನೆಗೆ ಮಾಡಿಕೊಂಡ ರೆಕಾರ್ಡಿಂಗ್‌ಗೆ ಕಾಯ್ದೆಯೇ ವಿನಾಯ್ತಿ ಕೊಟ್ಟಿದೆ. ತಕರಾರು ಶುರುವಾಗೋದು ಮಾರಿದಾಗ, ಯೂಟ್ಯೂಬ್‌ಗೆ ಹಾಕಿ ಜಾಹೀರಾತಿನ ದುಡ್ಡು ಎಣಿಸಿದಾಗ. ಅಲ್ಲಿ ಕಲಾವಿದರನ್ನು ಕೇಳಲೇಬೇಕು. ಕೇಳೋದು ಕಷ್ಟವೇನಲ್ಲ, ಬಹಳಷ್ಟು ಮಂದಿ ಪಕ್ಕದ ಊರಲ್ಲೇ ಇರ್ತಾರೆ. ‘ನಾವು ಕಲೆ ಉಳಿಸ್ತಿದ್ದೀವಿ’ ಅನ್ನೋ ಚಾನೆಲ್‌ಗಳಿಗೆ ನಾನು ಕೇಳೋದು ಇಷ್ಟೇ: ಕಲೆ ಉಳಿಸಿದಿರಿ, ಕಲಾವಿದರ ಪಾಲು ಎಲ್ಲಿ?

ಇದೆಲ್ಲ ಇತ್ಯರ್ಥ ಆಗುವವರೆಗೆ ಟೇಪು ಕಾಯಲ್ಲ. ಬಿಸಿಲು, ತೇವ, ಬೂಷ್ಟು ಮೂರೂ ಅದರ ಶತ್ರುಗಳು. ಅಟ್ಟದ ಮೇಲೆ, ಟ್ರಂಕಿನಲ್ಲಿ ಹಳೇ ಕ್ಯಾಸೆಟ್ ಇದ್ದರೆ ಮೊದಲು ಇಳಿಸಿ. ಸೀದಾ ಪ್ಲೇ ಒತ್ತಬೇಡಿ. ಟೇಪ್ ಒತ್ತಿ ಹಿಡಿಯುವ ಒಳಗಿನ ಪುಟ್ಟ ಮೆತ್ತೆ ಉದುರಿದೆಯಾ ನೋಡಿ, ಪ್ಲೇಯರ್‌ನ ಹೆಡ್ ಒರೆಸಿ, ಕೊನೆವರೆಗೆ ಒಮ್ಮೆ ನಿಧಾನ ಓಡಿಸಿ, ಹಿಂದಕ್ಕೆ ಸುತ್ತಿ. ಕಂಪ್ಯೂಟರ್‌ಗೆ ಹಾಕುವಾಗ ಗದ್ದಲ ತೆಗೆಯುವ ಸಾಫ್ಟ್‌ವೇರ್ ಬಳಸದ ಒಂದು ಪ್ರತಿ ಹಾಗೇ ಇಟ್ಟುಕೊಳ್ಳಿ. ಜನ ನಕ್ಕದ್ದು, ಶಿಳ್ಳೆ ಹೊಡೆದದ್ದು ಗದ್ದಲ ಅಂತ ಆ ಸಾಫ್ಟ್‌ವೇರ್‌ಗೆ ಅನ್ನಿಸುತ್ತೆ.

ಹಾಗೇ ಮೇಲಿನ ಚೀಟಿ ನೋಡಿ. ಹೆಚ್ಚಿನವುಗಳ ಮೇಲೆ ‘ಪಾರಿಜಾತ, 3’ ಅಂತಷ್ಟೇ ಇರುತ್ತೆ. ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿಸಿ. ಯಾವ ಊರು, ಯಾವ ವರ್ಷ, ಕೃಷ್ಣ ಯಾರು, ದೂತಿ ಯಾರು, ಹಾರ್ಮೋನಿಯಂ ಯಾರದು, ತಬಲಾ ಯಾರದು, ಅವರು ಹೇಳ್ತಾ ಹೋಗಲಿ, ನೀವು ಬರ್ಕೊಳ್ಳಿ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಇಂಕು ತೇವಕ್ಕೆ ಹರಡುತ್ತೆ.